ಕಡಲು ಪುಕ್ಕಟೆ, ಕಾರಿಗೆ ಚೀಟಿ

ಕೊಡಗಿಗೆ ಸಮುದ್ರವಿಲ್ಲ, ರೈಲೂ ಇಲ್ಲ. ಆದ್ದರಿಂದ ನಮ್ಮವರು ಕಡಲತೀರಕ್ಕೆ ಹೊರಟರೆಂದರೆ ಮೊದಲು ಕಾರು ಹೊರಡಿಸಬೇಕು, ತಲುಪಿದ ಮೇಲೆ ಆ ಕಾರನ್ನು ಎಲ್ಲಿಡಬೇಕೆಂದು ಕಂಗೆಡಬೇಕು. ನಮ್ಮ ಬೆಟ್ಟಗಳ ಮೇಲೆ ಬೀಳುವ ಮಳೆಗೆ ಈ ಚಿಂತೆಯಿಲ್ಲ. ಅದು ಕಾವೇರಿಯಾಗಿ ಪೂರ್ವದ ಬಂಗಾಳ ಕೊಲ್ಲಿಯನ್ನೂ, ಪಯಸ್ವಿನಿ, ಬಾರಾಪೊಳೆಗಳ ಮೂಲಕ ಪಶ್ಚಿಮದ ಅರಬ್ಬಿ ಸಮುದ್ರವನ್ನೂ ಒಂದು ಪೈಸೆ ಪಾರ್ಕಿಂಗ್ ಶುಲ್ಕ ಕೊಡದೆ ಸೇರಿಕೊಳ್ಳುತ್ತದೆ. ಸಂಪಾಜೆ ಘಾಟಿ ಇಳಿದು, ಸುಳ್ಯ, ಪುತ್ತೂರು, ಮಾಣಿಗಳನ್ನು ದಾಟಿ, ಮಂಗಳೂರಿನ ವಾಹನಗಳ ಸಾಲಿನಲ್ಲಿ ಬೆವರು ಸುರಿಸಿ ಬರುವ ಮನುಷ್ಯರಿಗಾದರೋ ಸಮುದ್ರಕ್ಕಿಂತ ಮೊದಲು ಚೀಟಿ ಪುಸ್ತಕ ಹಿಡಿದವರ ದರ್ಶನವಾಗುತ್ತದೆ.

ಮೆಣಸು ಕೊಯ್ದು ಒಣಗಿಸಿ ಕೈ ಬಿಡುವಾದ ಮೇಲೆ ನಮ್ಮ ಗುಂಪು ಕರಾವಳಿಗೆ ಹೋಗಿ ಬಂದಿತು. ಯಾವ ಊರಿನ ತೀರವೆಂದು ಹೇಳುವುದಿಲ್ಲ, ಏಕೆಂದರೆ ಅಲ್ಲಿಯ ಮೀನು ಬಹಳ ಚೆನ್ನಾಗಿತ್ತು. ಮರಳಿದ ಬಳಿಕ ಮಡಿಕೇರಿಯಲ್ಲಿರುವ ವಕೀಲರ ಮನೆಯ ಜಗಲಿಯಲ್ಲಿ ಕಾಫಿ ಲೋಟಗಳ ನಡುವೆ ಆರಂಭವಾದ ಮಾತು, ಸಮುದ್ರದ ವಿಷಯವನ್ನು ಅರ್ಧ ನಿಮಿಷದಲ್ಲಿ ಮುಗಿಸಿ ಪಾರ್ಕಿಂಗಿಗೆ ಬಂದು ನಿಂತಿತು.

ಚರ್ಚೆಯನ್ನು ಆರಂಭಿಸಿದವರು ಜೀಪು ಭಾವ. ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹತ್ತಿಸಿ ಇಳಿಸುವ ಅವರು, ಕಲ್ಲು, ಕೆಸರು, ಹಳ್ಳ ಯಾವುದಕ್ಕೂ ಜಗ್ಗಿದವರಲ್ಲ. ಆದರೆ ತಮ್ಮ ಹೊಸ ಕಾರನ್ನು ಗಾಳಿಮರಗಳ ಕೆಳಗಿನ ಒಣ ಮರಳಿಗೆ ಇಳಿಸಿದ ಕೂಡಲೇ ಅದರ ಮುಂದಿನ ಚಕ್ರಗಳೆರಡೂ ನೆಲೆಯೂರಿಬಿಟ್ಟವು. ಭಾವನವರು ಆಕ್ಸಿಲರೇಟರನ್ನು ಒತ್ತಿದಷ್ಟೂ ಮರಳು ಹಿಂದೆ ಹಾರಿತು, ಕಾರು ಕೆಳಗೆ ಹೋಯಿತು.

“ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಬೇಕಿತ್ತು” ಎಂದರು ನಿವೃತ್ತ ಭೂಗೋಳದ ಮೇಷ್ಟ್ರು. “ಗಾಳಿ ಕಡಿಮೆಯಾದರೆ ಟೈರು ಅಗಲವಾಗಿ ಊರುತ್ತದೆ, ಭಾರ ಹಂಚಿಹೋಗುತ್ತದೆ. ತೇವದ ಮರಳಿನ ಕಣಗಳನ್ನು ನೀರು ಒಂದಕ್ಕೊಂದು ಹಿಡಿದಿಡುತ್ತದೆ. ಒಣ ಮರಳಿನಲ್ಲಿ ಹಾಗೆ ಹಿಡಿದಿಡುವುದು ಏನೂ ಇಲ್ಲ.”

“ಇದನ್ನು ಮೇಷ್ಟ್ರು ಅಲ್ಲಿಯೇ ಹೇಳಬಹುದಿತ್ತಲ್ಲ?”

“ಹೇಳಿದೆ. ಮಾಂದಲಪಟ್ಟಿ ಹತ್ತಿದವನಿಗೆ ಮರಳಿನ ಪಾಠ ಬೇಡವೆಂದು ತಾವು ಅಪ್ಪಣೆ ಕೊಡಿಸಿದಿರಿ.”

ಕೊನೆಗೆ ಬಲೆ ಸರಿಪಡಿಸುತ್ತಿದ್ದ ನಾಲ್ವರು ಹುಡುಗರು ಎದ್ದು ಬಂದು, ಚಕ್ರಗಳ ಕೆಳಗೆ ತೆಂಗಿನ ಗರಿಗಳನ್ನು ತುರುಕಿ, ತುಳುವಿನಲ್ಲಿ ಏನೋ ಹೇಳಿ ನಗುತ್ತಾ ಕಾರನ್ನು ದೂಡಿದರು. ಅವರು ಹೇಳಿದ್ದೇನೆಂದು ಭಾವನವರು ಕೇಳಲಿಲ್ಲ. ಕೇಳದಿರುವುದೇ ಗೌರವಕ್ಕೆ ಕ್ಷೇಮವೆಂದು ಅವರಿಗೆ ತೋರಿರಬೇಕು. ಅಷ್ಟರಲ್ಲಿ ಚೀಟಿಯವರು ಬಂದು ಐವತ್ತು ರೂಪಾಯಿ ಕೇಳಿದರು. ಕಾರು ನಿಂತಿಲ್ಲ, ಹೂತುಹೋಗಿತ್ತು, ಹೂತದ್ದಕ್ಕೆ ಶುಲ್ಕವೇಕೆ ಎಂದು ಭಾವನವರು ವಾದಿಸಿದಾಗ, ಹೂತ ಕಾರು ನಿಂತ ಕಾರಿಗಿಂತ ಹೆಚ್ಚು ಹೊತ್ತು ಜಾಗ ಹಿಡಿಯುತ್ತದೆಂಬ ಉತ್ತರ ಬಂತು. ನನ್ನ ಮಟ್ಟಿಗೆ ಆ ಉತ್ತರದಲ್ಲಿ ಯಾವ ದೋಷವೂ ಕಾಣಲಿಲ್ಲ.

ವಕೀಲರು ಆ ಚೀಟಿಯನ್ನು ಕಿಸೆಯಿಂದ ತೆಗೆದು, ಕನ್ನಡಕ ಏರಿಸಿ, ದಸ್ತಾವೇಜನ್ನು ಓದುವ ಧಾಟಿಯಲ್ಲಿ ಓದಿದರು: ವಾಹನದಲ್ಲಿರುವ ವಸ್ತುಗಳಿಗೆ ನಾವು ಜವಾಬ್ದಾರರಲ್ಲ, ವಾಹನಕ್ಕೂ ಜವಾಬ್ದಾರರಲ್ಲ, ತೆಂಗಿನಕಾಯಿ ಬಿದ್ದರೂ ಜವಾಬ್ದಾರರಲ್ಲ. “ಹಾಗಾದರೆ ಐವತ್ತು ರೂಪಾಯಿ ಯಾವುದಕ್ಕೆ?” ಎಂದು ಭಾವನವರು ಗುಡುಗಿದರು.

“ಚೀಟಿಗೆ” ಎಂದರು ವಕೀಲರು. “ಆದರೂ ಹೀಗೆ ಅಚ್ಚು ಹಾಕಿಸಿದ ಮಾತ್ರಕ್ಕೆ ಹೊಣೆ ಎಲ್ಲ ಕಾಲಕ್ಕೂ ತಪ್ಪುವುದಿಲ್ಲ. ಹೋಟೆಲಿನ ಸಿಬ್ಬಂದಿಯ ಕೈಗೆ ಕೀಲಿ ಕೊಟ್ಟು ನಿಲ್ಲಿಸಿದ ಕಾರು ಕಳವಾದ ಪ್ರಕರಣದಲ್ಲಿ, ಮಾಲೀಕರದೇ ಹೊಣೆ ಎಂದು ಬರೆದ ಒಂದು ಸಾಲನ್ನು ತೋರಿಸಿ ಹೋಟೆಲು ಜಾರಿಕೊಳ್ಳುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ.”

“ನಾನು ಕೀಲಿ ಕೊಟ್ಟಿರಲಿಲ್ಲವಲ್ಲ?”

“ಹಾಗಿದ್ದರೆ ವಾದ ಬೇರೆ, ಫೀಸೂ ಬೇರೆ.”

ತೆಂಗಿನಕಾಯಿಯ ಸಾಲು ಆ ಚೀಟಿಗೆ ಹೇಗೆ ಸೇರಿತೆಂಬುದಕ್ಕೆ ಉತ್ತರ ನಮ್ಮ ಗುಂಪಿನ ಎರಡನೆಯ ಕಾರಿನ ಮೇಲೆಯೇ ಇತ್ತು. ಕಾಫಿ ಗಿಡಕ್ಕೆ ಸಿಲ್ವರ್ ಓಕ್ ನೆರಳು ಹಿಡಿಯುವುದನ್ನು ಕಂಡು ಬೆಳೆದ ನಮಗೆ ಮರದ ಕೆಳಗೆ ನಿಲ್ಲುವುದೆಂದರೆ ತಂಪು ಎಂಬಷ್ಟೇ ಗೊತ್ತು. ಖಾಲಿ ಜಾಗವೆಲ್ಲ ತೆಂಗಿನ ಮರಗಳ ಬುಡದಲ್ಲಿಯೇ ಏಕೆ ಉಳಿದಿದೆ, ಊರಿನವರ ವಾಹನಗಳೆಲ್ಲ ಸುಡುಬಿಸಿಲಿನಲ್ಲಿ ಏಕೆ ನಿಂತಿವೆ ಎಂದು ಯಾರೂ ಯೋಚಿಸಲಿಲ್ಲ. ಒಂದು ಬೊಂಡ ಬಾನೆಟ್ಟಿನ ಮೇಲೆ ಬಂದು ಕುಳಿತ ಮೇಲೆ ಎಲ್ಲರೂ ಯೋಚಿಸಿದರು.

ಇಷ್ಟು ಹೊತ್ತು ಸುಮ್ಮನಿದ್ದ ಹೋಂಸ್ಟೇ ಅಕ್ಕ ಲೋಟವನ್ನು ಕೆಳಗಿಟ್ಟರು. ಅಕ್ಕ ಲೋಟ ಕೆಳಗಿಟ್ಟರೆ ಉಳಿದವರು ಮಾತು ನಿಲ್ಲಿಸುವುದು ನಮ್ಮಲ್ಲಿ ವಾಡಿಕೆ.

“ನಿಮಗೆ ಕಾರಿನದೇ ಕಥೆ. ಉಪ್ಪು ಗಾಳಿಗೆ ತುಕ್ಕು ಹಿಡಿಯುತ್ತದೆಂದು ಭಾವ ತಮ್ಮ ಕಾರಿನ ತಳವನ್ನೆಲ್ಲ ದುಡ್ಡು ಕೊಟ್ಟು ಸಿಹಿನೀರಿನಲ್ಲಿ ತೊಳೆಸಿದರು. ಮೈಯೆಲ್ಲ ಮರಳು ಮೆತ್ತಿಕೊಂಡ ನಮಗೆ ಸಿಕ್ಕಿದ್ದು ತೊಟ್ಟಿಕ್ಕುವ ಒಂದು ನಲ್ಲಿ. ಅದರ ಮುಂದೆ ಮೂರು ಜಿಲ್ಲೆಗಳ ಹೆಂಗಸರು ಸಾಲುಗಟ್ಟಿದ್ದರು. ಬಟ್ಟೆ ಬದಲಿಸುವ ಕೋಣೆಗೆ ಬಾಗಿಲಿತ್ತು, ಚಿಲಕವಿರಲಿಲ್ಲ; ಶೌಚಾಲಯಕ್ಕೆ ಚಿಲಕವಿತ್ತು, ನೀರಿರಲಿಲ್ಲ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗಿನಿಂದ ಬಾಗಿಲು ಹಿಡಿದು ನಿಲ್ಲಬೇಕು. ಸೂರ್ಯಾಸ್ತ ಬಹಳ ಸುಂದರವಾಗಿತ್ತೆಂದು ಹೇಳಿದಿರಲ್ಲ, ಆ ಹೊತ್ತಿನಲ್ಲಿ ನಾನು ಯಾರೋ ದಾವಣಗೆರೆಯವರಿಗಾಗಿ ಬಾಗಿಲು ಹಿಡಿದಿದ್ದೆ.”

ವಕೀಲರು ಗಂಟಲು ಸರಿಪಡಿಸಿಕೊಂಡರು. ಸಮುದ್ರದ ಬದಿಯಲ್ಲಿ ಮನಬಂದಂತೆ ಕಟ್ಟಡ ಕಟ್ಟಲು ಕರಾವಳಿ ನಿಯಂತ್ರಣ ವಲಯದ ನಿಯಮಗಳು ಬಿಡುವುದಿಲ್ಲವೆಂದೂ, ಆದರೆ 2019ರ ಅಧಿಸೂಚನೆಯು ಭರತದ ಗೆರೆಯಿಂದ ಕನಿಷ್ಠ 10 ಮೀಟರ್ ಬಿಟ್ಟು ತಾತ್ಕಾಲಿಕ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಸ್ನಾನದ ನಲ್ಲಿ, ಕುಡಿಯುವ ನೀರು, ಆಸನ ಇವುಗಳಿಗೆ ಪ್ರವಾಸೋದ್ಯಮ ಯೋಜನೆಯ ಅಡಿಯಲ್ಲಿ ಅವಕಾಶ ಕೊಟ್ಟಿದೆಯೆಂದೂ ಅವರು ವಿವರಿಸಿದರು.

“ಚಿಲಕಕ್ಕೆ?” ಎಂದರು ಅಕ್ಕ.

“ಚಿಲಕದ ಬಗ್ಗೆ ಅಧಿಸೂಚನೆ ಮೌನವಾಗಿದೆ.”

“ಅಲ್ಲಿನವರು ಆ ಮೌನವನ್ನು ಚಾಚೂತಪ್ಪದೆ ಪಾಲಿಸಿದ್ದಾರೆ.”

ಮೇಷ್ಟ್ರು ಆಗ ನೀಲಿ ಬಾವುಟದ ವಿಷಯ ತೆಗೆದರು. ಡೆನ್ಮಾರ್ಕಿನಲ್ಲಿ ನೆಲೆಯಿರುವ ಸಂಸ್ಥೆಯೊಂದು ನೀರಿನ ಗುಣಮಟ್ಟ, ಶೌಚಾಲಯ, ಜೀವರಕ್ಷಕರು, ಪ್ರಥಮ ಚಿಕಿತ್ಸೆ, ಅಂಗವಿಕಲರಿಗೆ ದಾರಿ ಮುಂತಾದ 33 ಮಾನದಂಡಗಳನ್ನು ನೋಡಿ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆಯು 2020ರಲ್ಲಿ ಭಾರತದ ಎಂಟು ತೀರಗಳಿಗೆ ಒಟ್ಟಿಗೆ ಬಂದಾಗ, ಅವುಗಳಲ್ಲಿ ಎರಡು ನಮ್ಮ ರಾಜ್ಯದವಾಗಿದ್ದವು: ಉಡುಪಿ ಜಿಲ್ಲೆಯ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು. ಒಮ್ಮೆ ಕೊಟ್ಟು ಮರೆಯುವ ಬಿರುದಲ್ಲ ಅದು, ಪ್ರತಿ ಸಲವೂ ಪರೀಕ್ಷೆ ಬರೆದು ಉಳಿಸಿಕೊಳ್ಳಬೇಕು ಎಂದು ಹೇಳುವಾಗ ಮೇಷ್ಟ್ರ ಮುಖದಲ್ಲಿ ಹಳೆಯ ವೃತ್ತಿಯ ಕಳೆ ಬಂತು. ಮುಂದಿನ ಸಲ ಪಡುಬಿದ್ರಿಗೇ ಹೋಗೋಣ, ಅಲ್ಲಿ ವಾಹನವನ್ನು ಮರಳಿಗೆ ಇಳಿಸುವ ಪ್ರಶ್ನೆಯೇ ಇಲ್ಲ ಎಂದರು.

ಭಾವನವರಿಗೆ ಈ ಕೊನೆಯ ಮಾತು ಹಿಡಿಸಲಿಲ್ಲ. “ಇಳಿಸುವುದಾದರೆ ಸರಿಯಾಗಿ ಇಳಿಸಬೇಕು. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಇರಿಟ್ಟಿಯ ದಾರಿಯಾಗಿ ಕಣ್ಣೂರು ಜಿಲ್ಲೆಯ ಮುಝಪ್ಪಿಲಂಗಾಡಿಗೆ ಹೋಗೋಣ. ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಗಟ್ಟಿ ಮರಳು, ಅಲೆಯ ಪಕ್ಕದಲ್ಲಿಯೇ ಕಾರು ಓಡಿಸಬಹುದು. ಪಾರ್ಕಿಂಗ್ ಹುಡುಕುವ ತಂಟೆಯೇ ಇಲ್ಲ, ಸಮುದ್ರವೇ ಪಾರ್ಕಿಂಗಿಗೆ ಬರುತ್ತದೆ!”

“ಭರತದ ಹೊತ್ತಿಗೆ ನಿಜವಾಗಿಯೂ ಬರುತ್ತದೆ” ಎಂದರು ಮೇಷ್ಟ್ರು. ಚಕ್ರಗಳ ಕೆಳಗೆ ಏಡಿಗಳ ಬಿಲಗಳಿರುತ್ತವೆ, ಕಾಸರಕೋಡಿನ ಕಡೆಯ ಮರಳಿನಲ್ಲಂತೂ ಕಡಲಾಮೆಗಳು ಮೊಟ್ಟೆಯಿಡುತ್ತವೆ, ಎಲ್ಲ ತೀರಗಳಿಗೂ ಕಾರು ನುಗ್ಗಿದರೆ ಅವು ಎಲ್ಲಿಗೆ ಹೋಗಬೇಕು ಎಂದು ಕೇಳಿದರು. ಆಮೆಗಳು ಮರಳಿನ ಮೇಲೆ ತೆವಳಿ ಬರುವುದಿಲ್ಲವೇ, ಕಾರು ರಸ್ತೆಯಲ್ಲಿ ಬಿಟ್ಟು ಮನುಷ್ಯರೂ ಅಷ್ಟು ನಡೆಯಬಹುದಲ್ಲ ಎಂಬುದು ಅಕ್ಕನ ಪ್ರಶ್ನೆ. ನಾನಾದರೆ ಚಿಲಕವಿರುವ ತೀರಕ್ಕೆ ಒಂದು ಮೈಲಿ ಬೇಕಾದರೂ ನಡೆಯುತ್ತೇನೆ ಎಂದು ಸೇರಿಸಿದರು. ನನ್ನ ಮತವೂ ಅಕ್ಕನ ಕಡೆಗೇ ಬಿತ್ತು; ಶೌಚಾಲಯದಲ್ಲಿ ನೀರಿಲ್ಲದ ತೀರಕ್ಕೆ ಎಷ್ಟು ಹತ್ತಿರ ಕಾರು ನಿಲ್ಲಿಸಿದರೇನು, ಅಷ್ಟೇ ಬೇಗ ಹಿಂದಿರುಗಬೇಕಾಗುತ್ತದೆ.

ಸೋಲುವ ಲಕ್ಷಣ ಕಂಡ ಭಾವನವರು ಮತ್ತೆ ಐವತ್ತು ರೂಪಾಯಿಗೆ ಮರಳಿದರು. ಪ್ರವಾಸಿಗರನ್ನು ಸುಲಿಯುವುದು ಎಲ್ಲಿಯ ನ್ಯಾಯ, ಖಾಲಿ ಜಾಗಕ್ಕೆ ಹಗ್ಗ ಕಟ್ಟಿ ದುಡ್ಡು ಕೇಳುವವರಿಗೆ ಸ್ವಲ್ಪವಾದರೂ ಸಂಕೋಚವಿರಬಾರದೇ ಎಂದು ಅವರು ದನಿಯೇರಿಸಿದರು.

“ಭಾವಾ, ಭತ್ತದ ಕೊಯ್ಲು ಮುಗಿದ ಮೇಲೆ ರಸ್ತೆ ಬದಿಯ ತಮ್ಮ ಗದ್ದೆಗೆ ಹಗ್ಗ ಕಟ್ಟಿದವರು ಯಾರು?” ಎಂದರು ಅಕ್ಕ, ಬಹಳ ಮೃದುವಾಗಿ. “ಕ್ರಿಸ್ಮಸ್ ರಜೆಯಲ್ಲಿ ಬಂದ ನನ್ನ ಅತಿಥಿಗಳಿಂದ ಅಲ್ಲಿ ನೂರು ರೂಪಾಯಿ ತೆಗೆದುಕೊಂಡಿರಂತೆ.”

ಜಗಲಿಯಲ್ಲಿ ನಿಶ್ಶಬ್ದ ಹೆಚ್ಚು ಹೊತ್ತು ಉಳಿಯಲಿಲ್ಲ. ವಕೀಲರು ನಗು ತಡೆಯಲಾರದೆ ಕೆಮ್ಮಿದರು. ಗದ್ದೆಯ ಮಣ್ಣು ಗಟ್ಟಿ, ಅಲ್ಲಿ ಯಾರ ಕಾರೂ ಹೂತುಹೋಗುವುದಿಲ್ಲ, ಆ ಭದ್ರತೆಗೆ ನೂರು ರೂಪಾಯಿ ಹೆಚ್ಚಲ್ಲ ಎಂದು ಭಾವನವರು ಸಮರ್ಥಿಸಿಕೊಂಡರು. ಶೌಚಾಲಯ ಎಲ್ಲಿದೆ ಎಂದು ಅತಿಥಿಗಳು ಕೇಳಿದಾಗ ಕಾಫಿ ತೋಟದ ಕಡೆಗೆ ಕೈ ತೋರಿಸಿದಿರಂತಲ್ಲ ಎಂದು ಅಕ್ಕ ಮುಂದುವರಿಸಿದಾಗ, ಅವರು ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಕಾಫಿಯ ತಳವನ್ನು ಪರಿಶೀಲಿಸುತ್ತಿದ್ದರು.

ಭಾವನವರು ಎದ್ದು, ಚಪ್ಪಲಿ ಮೆಟ್ಟಿ, ಎರಡು ಹೆಜ್ಜೆ ಹೋಗಿ, ಏನೋ ನೆನಪಾದವರಂತೆ ಹಿಂದಿರುಗಿದರು.

“ವಕೀಲರೇ, ಆ ಚೀಟಿಯನ್ನು ಕೊಡಿ. ಮಡಿಕೇರಿಯ ಪ್ರೆಸ್ಸಿನಲ್ಲಿ ತೋರಿಸಿ ಇಂಥದೇ ಒಂದು ಪುಸ್ತಕ ಅಚ್ಚು ಹಾಕಿಸುತ್ತೇನೆ.”

“ತೆಂಗಿನಕಾಯಿಯ ಸಾಲು ನಿಮ್ಮ ಗದ್ದೆಗೆ ಹೊಂದುವುದಿಲ್ಲವಲ್ಲ?”

“ಅದನ್ನು ತೆಗೆಸುತ್ತೇನೆ. ಮಳೆಗಾಲ ಬರುತ್ತಿದೆ, ಜಿಗಣೆ ಹತ್ತಿದರೆ ನಾವು ಜವಾಬ್ದಾರರಲ್ಲ ಎಂದು ಆ ಜಾಗದಲ್ಲಿ ನೀವೇ ಕಾನೂನಿನ ಭಾಷೆಯಲ್ಲಿ ಬರೆದುಕೊಡಿ.”