‘ವಿಷ’ ಅನ್ನಬೇಕೋ, ‘ನಂಜು’ ಅನ್ನಬಹುದೋ?

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ನಿಮ್ಮ ಸಲಹೆ ಬೇಕು.

ನಾನು ಕಾರವಾರದಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಗೋಡೆಪತ್ರಿಕೆಗೆ ನ್ಯಾನೋ ಕಣಗಳ ಮೇಲೆ ಒಂದು ಪುಟ ಬರೆಯುತ್ತಿದ್ದೇನೆ. ಸನ್‌ಸ್ಕ್ರೀನಿನಲ್ಲಿರುವ ಟೈಟಾನಿಯಂ ಡೈಆಕ್ಸೈಡ್, ವಾಸನೆ ಬಾರದಿರಲಿ ಎಂದು ಕೆಲವು ಸಾಕ್ಸಿಗೆ ಸೇರಿಸುವ ಬೆಳ್ಳಿ, ಇಂಥವು. ಅಳತೆ 1ರಿಂದ 100 ನ್ಯಾನೋಮೀಟರ್. ನಮ್ಮ ಒಂದು ಕೆಂಪು ರಕ್ತಕಣದ ಅಗಲ ಸುಮಾರು 7,000 ನ್ಯಾನೋಮೀಟರ್. ಇವು ಎಷ್ಟು ಸಣ್ಣವು ನೋಡಿ.

ಅಲ್ಲಿವರೆಗೆ ಸಲೀಸಾಗಿ ಬರೆದೆ. ಈ ಕಣಗಳು ತೀರಾ ಸ್ವಲ್ಪ ಸೇರಿದರೆ ಜೀವಕೋಶಕ್ಕೆ ಏನಾಗುತ್ತದೆ ಎಂಬಲ್ಲಿ ಪೆನ್ನು ನಿಂತಿತು. ಮೊದಲು ಬರೆದದ್ದು ಹೀಗೆ: ‘ಕಡಿಮೆ ಪ್ರಮಾಣದಲ್ಲಿ ಇವು ವಿಷವಲ್ಲ.’ ಓದಲು ಸರಿಯಾಗಿಯೇ ಇದೆ. ಆದರೆ ಅರ್ಥ ತಪ್ಪು. ಕೋಶ ಸಾಯಲಿಲ್ಲ ಅನ್ನುವುದಷ್ಟೇ ನಿಜ, ಒಳಗಿನ ಕತೆ ಬೇರೆಯೇ ಇರಬಹುದು. ಬೆಳ್ಳಿಯ ಕಣವನ್ನೇ ತೆಗೆದುಕೊಳ್ಳಿ. ಕೋಶ ಅದನ್ನು ನುಂಗಿ ಲೈಸೋಸೋಮ್ ಎಂಬ ಹುಳಿ ತುಂಬಿದ ಚೀಲಕ್ಕೆ ಸೇರಿಸುತ್ತದೆ. ಅಲ್ಲಿ ಬೆಳ್ಳಿ ಸ್ವಲ್ಪಸ್ವಲ್ಪವೇ ಕರಗಿ ಅಯಾನುಗಳಾಗಿ, ಅಂದರೆ ವಿದ್ಯುದಾವೇಶ ಹೊತ್ತ ಪರಮಾಣುಗಳಾಗಿ, ಹೊರಬರುತ್ತದೆ. ಸಿಕ್ಕಿದ್ದರ ಜೊತೆ ಬೆರೆತು ಹಾಳುಮಾಡುವ ಆಮ್ಲಜನಕದ ರೂಪಗಳು ಜಾಸ್ತಿಯಾಗುತ್ತವೆ. ಅವನ್ನು ತಣಿಸಲು ಕೋಶ ಗ್ಲುಟಾಥಿಯೋನ್ ಎಂಬ ತನ್ನ ರಕ್ಷಕ ವಸ್ತುವನ್ನು ಖರ್ಚು ಮಾಡುತ್ತದೆ. ಡಿಎನ್‌ಎ ಎಳೆ ಅಲ್ಲಲ್ಲಿ ಕಡಿಯಬಹುದು. ಬದುಕಿದ್ದೆಷ್ಟು, ಸತ್ತಿದ್ದೆಷ್ಟು ಎಂದು ಎಣಿಸುವ ಪರೀಕ್ಷೆಗೆ ಇದೇನೂ ಕಾಣುವುದಿಲ್ಲ.

ಹೀಗೆ ಕೊಲ್ಲದೆ ಕಾಡುವುದಕ್ಕೆ ಏನನ್ನಬೇಕು? ಆಗ ಅಮ್ಮನ ಮಾತು ನೆನಪಾಯಿತು. ಕಾಲಿಗೆ ಗಾಯವಾಗಿದ್ದರೆ ‘ಬದನೆಕಾಯಿ ತಿನ್ನಬೇಡ, ಶೆಟ್ಲಿ ಬೇಡ, ನಂಜಾಗ್ತದೆ’ ಅನ್ನುತ್ತಿದ್ದಳು. ಶೆಟ್ಲಿ ಅಂದರೆ ಸಿಗಡಿ. ಅದನ್ನು ತಿಂದು ಸಾಯುತ್ತೀಯ ಅಂತ ಅವಳ ಮಾತಿನ ಅರ್ಥವಲ್ಲ. ಗಾಯ ಬೇಗ ಮಾಯುವುದಿಲ್ಲ, ತುರಿಸುತ್ತದೆ, ಒಳಗೊಳಗೇ ಕೆಡುತ್ತದೆ ಅಂತ. ಬದನೆಕಾಯಿಗೆ ಆ ಗುಣ ನಿಜಕ್ಕೂ ಇದೆಯೋ ಇಲ್ಲವೋ, ಅದು ಬೇರೆ ಚರ್ಚೆ. ನನಗೆ ಬೇಕಾದ ಅರ್ಥ ಮಾತ್ರ ಆ ಪದದಲ್ಲಿ ಪೂರ್ತಿ ಇದೆ ಅಲ್ವಾ?

ಮೂಲದಲ್ಲಿ ನಂಜು ಅಂದರೆ ನೇರವಾಗಿ ವಿಷವೇ. ವಿಷ ಉಂಡ ಶಿವ ನಂಜುಂಡ, ಅವನ ಊರು ನಂಜನಗೂಡು. ತಮಿಳಿನಲ್ಲೂ ಅದೇ ಪದ, ಅದೇ ಅರ್ಥ. ನಮ್ಮ ಮನೆಮಾತಿನಲ್ಲಿ ಅದು ಮೆತ್ತಗಾಗಿದೆ. ಆ ಮೆತ್ತಗಾದ ಅರ್ಥವೇ ನನಗೆ ಬೇಕು. ‘ಬೆಳಚು ಸಾಯಲಿಲ್ಲ, ಆದರೆ ಅದರ ಕೋಶಗಳಿಗೆ ನಂಜಾಯಿತು’ ಎಂದು ಬರೆದರೆ ಇಲ್ಲಿನ ಮಕ್ಕಳಿಗೆ ತಟ್ಟನೆ ತಿಳಿಯುತ್ತದೆ. ಬೆಳಚು ಅವರು ಊಟದಲ್ಲಿ ಕಂಡದ್ದು. ನೀರು ಸೋಸಿ ತಿನ್ನುವ ಇಂಥ ಚಿಪ್ಪಿನ ಪ್ರಾಣಿಗಳ ಕಿವಿರಿನಲ್ಲಿ ನ್ಯಾನೋ ಕಣ ಸೇರುವುದನ್ನು ಪ್ರಯೋಗಗಳಲ್ಲಿ ಕಂಡಿದ್ದಾರೆ.

ಎರಡು ಅಳುಕು ಇವೆ. ಆ್ಯಂಟಿಸೆಪ್ಟಿಕ್‌ಗೆ ‘ನಂಜುನಿರೋಧಕ’ ಎಂಬ ಪದ ಈಗಾಗಲೇ ಬಳಕೆಯಲ್ಲಿದೆ. ಅದನ್ನು ಓದಿದವರು ನಂಜು ಅಂದರೆ ಬ್ಯಾಕ್ಟೀರಿಯಾ ಕೀವು ಅಂದುಕೊಂಡಾರು. ಇನ್ನೊಂದು ಸ್ವಲ್ಪ ತೊಡಕಿನದು. ಕೆಲವು ಸಲ ಕಡಿಮೆ ಡೋಸ್ ತಾಗಿದ ಕೋಶ ಎಚ್ಚೆತ್ತು ತನ್ನ ರಕ್ಷಣೆಯನ್ನು ಹೆಚ್ಚಿಸಿಕೊಳ್ಳುತ್ತದೆ, ಡೋಸ್ ಏರಿದಾಗ ಸೋಲುತ್ತದೆ. ಆ ಮೊದಲ ಹಂತಕ್ಕೆ ನಂಜು ಅನ್ನಲಾಗದು. ಅದಕ್ಕೆ ನನ್ನ ಬಳಿ ಪದವಿಲ್ಲ.

ಡೋಸನ್ನು ಡೋಸ್ ಎಂದೇ ಉಳಿಸಿದ್ದೇನೆ. ಆಯುರ್ವೇದದ ‘ಮಾತ್ರಾ’ ಇದೇ ಅರ್ಥದ್ದು, ಆದರೆ ‘ಕಡಿಮೆ ಮಾತ್ರೆ’ ಅಂದರೆ ಮಕ್ಕಳು ಗುಳಿಗೆ ಎಣಿಸುತ್ತಾರೆ.

ಶಿರಸಿ, ಸಿದ್ದಾಪುರದ ಕಡೆಯವರು ಹೇಳಿ: ಘಟ್ಟದ ಮೇಲೆ ನಿಮ್ಮ ಮನೆಗಳಲ್ಲಿ ನಂಜು ಅಂದರೆ ಏನು? ಗಾಯಕ್ಕೆ ಮಾತ್ರ ಹೇಳುತ್ತೀರೋ, ಗಾಯವೇ ಇಲ್ಲದೆ ಮೈಗೆ ಆಗದ್ದಕ್ಕೂ ಹೇಳುತ್ತೀರೋ?