ಇಂಗ್ಲಿಷ್ ಪಾಠದಲ್ಲಿ ಸೀರಿಯಲ್ ಡಬ್ಬಕ್ಕೇನು ಕೆಲಸ?

"ಮೂರನೇ ಕ್ಲಾಸಿನ ಮಕ್ಕಳಿಗೆ ಕಥೆ ಓದಿಸೋದು ಬಿಟ್ಟು ಸೀರಿಯಲ್ ಡಬ್ಬ ಓದಿಸ್ತಾರಲ್ಲ, ಇದೂ ಒಂದು ಪಾಠವೇ?" ಅಂತ ನಿನ್ನೆ ಇಲ್ಲಿ ಒಬ್ಬರು ಕೇಳಿದ್ದರು. ಸೀರಿಯಲ್ ಅಂದ್ರೆ ಟಿವಿಯದಲ್ಲ, ಬೆಳಗ್ಗೆ ಹಾಲಿಗೆ ಹಾಕ್ಕೊಂಡು ತಿನ್ನೋ ಕಾರ್ನ್‌ಫ್ಲೇಕ್ಸ್ ಥರದ್ದು. ಸಿಟ್ಟು ಅರ್ಥವಾಗುತ್ತೆ. ಆದರೂ ಈ ವಿಷಯದಲ್ಲಿ ನಾನು ಟೀಚರ್ ಕಡೆ.

ಕ್ಯಾಲಿಫೋರ್ನಿಯಾದಲ್ಲಿ ಇರುವವರು ಇದನ್ನು ಯಾರೋ ಒಬ್ಬ ಟೀಚರ್‌ನ ಶೋಕಿ ಅಂದ್ಕೋಬೇಡಿ. 2023ರ ಅಕ್ಟೋಬರ್‌ನಲ್ಲಿ ಇಲ್ಲಿನ ಗವರ್ನರ್ ಎಬಿ 873 ಅನ್ನೋ ಮಸೂದೆಗೆ ಸಹಿ ಹಾಕಿದರು. ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ವಿಷಯಗಳ ಪಠ್ಯಕ್ರಮದ ಚೌಕಟ್ಟು ತಿದ್ದುವಾಗ ಮೀಡಿಯಾ ಲಿಟರಸಿಯನ್ನು, ಅಂದ್ರೆ ಓದಿದ್ದು ನೋಡಿದ್ದನ್ನು ಯಾರು ಹೇಳಿದ್ದು, ಯಾಕೆ, ನಂಬಬಹುದಾ ಅಂತ ತೂಗಿ ನೋಡೋದನ್ನು, ಅದರೊಳಗೇ ಬೆರೆಸೋದನ್ನು ಪರಿಗಣಿಸಬೇಕು ಅನ್ನುತ್ತೆ ಆ ಕಾನೂನು. ಅದಕ್ಕೇ ಅಂತ ಬೇರೆ ಪಿರಿಯಡ್ ಇಲ್ಲ. ನ್ಯೂಜೆರ್ಸಿಯಲ್ಲಿ ಅದೇ ವರ್ಷ ಜನವರಿಯಲ್ಲೇ ಇಂಥದ್ದೊಂದು ಕಾನೂನು ಆಯ್ತು.

ಡಬ್ಬದ ವಿಷಯಕ್ಕೇ ಬರೋಣ. ಮುಂಭಾಗದಲ್ಲಿ ಬಟ್ಟಲು, ಪಕ್ಕದಲ್ಲಿ ಹಾಲು, ಹಣ್ಣು, ಜ್ಯೂಸ್. ಕೆಳಗೆ ಸಣ್ಣ ಅಕ್ಷರದಲ್ಲಿ 'ಸಮತೋಲನದ ತಿಂಡಿಯ ಒಂದು ಭಾಗ' ಅಂತ. ಹಾಲು, ಹಣ್ಣು, ಜ್ಯೂಸ್ ತೆಗೆದಿಟ್ಟರೆ ಉಳಿಯೋದೇನು ಅಂತ ಕೇಳಿದರೆ ಎಂಟು ವರ್ಷದ ಮಗುವಿಗೂ ಥಟ್ಟನೆ ಹೊಳೆಯುತ್ತೆ: ಸಕ್ಕರೆ! ವಾಕ್ಯದಲ್ಲಿ ಸುಳ್ಳೇನೂ ಇಲ್ಲ, ಆದರೂ ಅದು ಓದುಗನನ್ನು ಎಲ್ಲಿಗೋ ಕರ್ಕೊಂಡು ಹೋಗುತ್ತೆ. ಇದನ್ನು ಹಿಡಿಯೋದು ಭಾಷೆಯ ಪಾಠ ಅಲ್ಲದೆ ಇನ್ನೇನು?

ಚೆನ್ನಾಗಿ ಓದೋ ಮಕ್ಕಳು ತಾವಾಗೇ ಕಲೀತಾರೆ ಅನ್ನೋರಿಗೆ ಮರದ ಆಕ್ಟೋಪಸ್ ಕಥೆ ಹೇಳಬೇಕು. ವಾಷಿಂಗ್ಟನ್ ರಾಜ್ಯದ ಕಾಡಿನಲ್ಲಿ ಮರದ ಮೇಲೆ ಆಕ್ಟೋಪಸ್ ಇದೆ, ಅದರ ಸಂತತಿ ಅಳೀತಿದೆ ಅಂತ 1998ರಿಂದ ಒಂದು ತಮಾಷೆಯ ವೆಬ್‌ಸೈಟ್ ಇದೆ. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಏಳನೇ ಕ್ಲಾಸಿನ, ಆನ್‌ಲೈನ್ ಓದಿನಲ್ಲಿ ಮುಂದಿದ್ದ ಮಕ್ಕಳಿಗೆ ತೋರಿಸಿದರು. ಹೆಚ್ಚುಕಮ್ಮಿ ಎಲ್ಲರೂ ನಂಬಿದರು. ಆ ಪುಟವನ್ನೇ ಇನ್ನೂ ಹತ್ತು ಸಲ ಓದಿದ್ದರೂ ಏನೂ ಆಗ್ತಿರಲಿಲ್ಲ. ಅದನ್ನು ಅಲ್ಲೇ ಬಿಟ್ಟು, ಪಕ್ಕದ ಟ್ಯಾಬ್‌ನಲ್ಲಿ ಬೇರೆಯವರು ಏನಂತಾರೆ ಅಂತ ನೋಡಬೇಕು.

ನಮ್ಮನೆ ತಕರಾರು ಬೇರೆ. ಮಗಳು ಇದನ್ನೆಲ್ಲ ಇಂಗ್ಲಿಷ್‌ನಲ್ಲಿ ಕಲೀತಾಳೆ, ವಾಟ್ಸಾಪ್ ಫಾರ್ವರ್ಡ್ ಬರೋದು ಕನ್ನಡದಲ್ಲಿ. ಜನಗಣಮನ ಜಗತ್ತಿನಲ್ಲೇ ಶ್ರೇಷ್ಠ ರಾಷ್ಟ್ರಗೀತೆ ಅಂತ ಯುನೆಸ್ಕೋ ಘೋಷಿಸಿದೆ ಅನ್ನೋ ಆ ಹಳೇ ಸುಳ್ಳು ತುಮಕೂರಲ್ಲಿರೋ ನಮ್ಮಪ್ಪನಿಂದ ಮತ್ತೆ ಬಂತು. ವಿಡಿಯೋ ಕಾಲ್‌ನಲ್ಲಿ ಕೇಳೇಬಿಟ್ಟಳು:

"ಅಜ್ಜ, ಇದನ್ನ ಬರೆದವರು ಯಾರು?"

"ಗ್ರೂಪಲ್ಲಿ ಬಂತು ಪುಟ್ಟಿ."

"ಗ್ರೂಪಲ್ಲಿ ಯಾರು ಬರೆದಿದ್ದು?"

ಅಪ್ಪ ನಕ್ಕರು, ನಮ್ಮಮ್ಮನಿಗೆ ಅಷ್ಟು ಹಿಡಿಸಲಿಲ್ಲ. ದೊಡ್ಡವರಿಗೆ "ಸುಳ್ಳು" ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಬಾರದು, ಸರಿ. ಆದರೆ ಕೇಳೋದರಲ್ಲಿ ತಪ್ಪೇನಿದೆ? ಈ ವ್ಯತ್ಯಾಸ ಇಲ್ಲಿನ ಶಾಲೆ ಕಲಿಸೋದಿಲ್ಲ, ನಾವೇ ಕಲಿಸಬೇಕು.

ಹಾಗಾಗಿ ನಮ್ಮ ವಾರಾಂತ್ಯದ ಕನ್ನಡ ಕ್ಲಾಸಿಗೆ ಒಂದು ಸಲಹೆ. ಒತ್ತಕ್ಷರ ಬಿಡಿಸಿ ಓದೋವಷ್ಟರಲ್ಲಿ ಮಕ್ಕಳಿಗೆ ಸುಸ್ತಾಗಿ, ಓದಿದ್ದೆಲ್ಲ ನಿಜ ಅನ್ನಿಸಿಬಿಡುತ್ತೆ. ತಿಂಗಳಿಗೊಮ್ಮೆ ಪಾಠದ ಬದಲು ಒಂದು ಫಾರ್ವರ್ಡ್ ಅಥವಾ ಹಾಲಿನ ಪ್ಯಾಕೆಟ್ಟಿನ ಜಾಹೀರಾತು ಓದಿಸೋಣ: ಇದರಲ್ಲಿ ಮಾಹಿತಿ ಯಾವುದು, ಬರೀ ಹೊಗಳಿಕೆ ಯಾವುದು? ಫಾರ್ವರ್ಡ್ ಇದ್ದವರು ನನಗೆ ಕಳಿಸಿ. ರಾಜಕೀಯದ್ದು ದಯವಿಟ್ಟು ಬೇಡ, ಮನೆಮದ್ದಿನದೇ ಬೇಕಾದಷ್ಟಿದೆ.