ಪದಚರ್ಚೆ: ಉಕ್ಕಿನ ಹಗ್ಗದ ಸ್ಕ್ರೇಪರ್ ಮತ್ತು ‘ಒತ್ತು’ ಎಂಬ ಕ್ರಿಯಾಪದ

ಮಾನ್ಯರೆ,

ಇಂಗ್ಲೆಂಡಿನಲ್ಲಿ ‘ಮೋಟರ್‌ವೇ’ ಎಂಬ ದೊಡ್ಡ ಹೆದ್ದಾರಿಗಳ ಕಾಮಗಾರಿ ಆರಂಭವಾದ ಕಾಲದಲ್ಲಿ ಮಣ್ಣು ಸಾಗಿಸುವ ಯಂತ್ರಗಳನ್ನು ನಡೆಸಿದ ಹಿರಿಯರೊಬ್ಬರ ನೆನಪುಗಳನ್ನು, ಅವರ ಒಪ್ಪಿಗೆ ಪಡೆದು, ಕನ್ನಡಕ್ಕೆ ತರುತ್ತಿದ್ದೇನೆ. 1959ರಲ್ಲಿ ಮೊದಲ ಭಾಗ ಸಂಚಾರಕ್ಕೆ ತೆರೆದುಕೊಂಡ ಎಂ1ರಿಂದ ಹಿಡಿದು ಪೆನ್ನೈನ್ ಬೆಟ್ಟಗಳನ್ನು ದಾಟುವ ಎಂ62ರವರೆಗೆ ಅವರು ದುಡಿದವರು. ಅವರು ಬಳಸುವ ಕೆಲವು ಮಾತುಗಳಿಗೆ ನಿಘಂಟಿನ ಪದಗಳು ಒಗ್ಗುತ್ತಿಲ್ಲವಾದ್ದರಿಂದ ಈ ಪತ್ರ.

ಮುಖ್ಯವಾದದ್ದು ಸ್ಕ್ರೇಪರ್. ಚೈನಿನ ಮೇಲೆ ಓಡುವ ಕ್ಯಾಟರ್‌ಪಿಲರ್ ಡಿ8 ಟ್ರ್ಯಾಕ್ಟರು ತನ್ನ ಹಿಂದೆ ಎಳೆದೊಯ್ಯುತ್ತಿದ್ದ ಈ ದೊಡ್ಡ ತೊಟ್ಟಿಯನ್ನು ಅವರು ‘ಬಾಕ್ಸ್’ ಎಂದಷ್ಟೇ ಕರೆಯುತ್ತಾರೆ. ಚಾಲಕನ ಬೆನ್ನ ಹಿಂದಿನ ಡ್ರಮ್ಮುಗಳಿಗೆ, ತೊಟ್ಟಿಯನ್ನು ಎತ್ತಿ ಇಳಿಸುವ ಉಕ್ಕಿನ ಹಗ್ಗಗಳನ್ನು ಸುತ್ತಿರುತ್ತಿದ್ದರು. ಲಿವರ್ ಸಡಿಲಿಸಿದರೆ ತೊಟ್ಟಿ ಕೆಳಗಿಳಿದು, ಅದರ ಮುಂದಿನ ಅಂಚಿನ ಅಲಗು ನೆಲವನ್ನು ಹೆರೆಯುತ್ತಿತ್ತು. ಹೆರೆದ ಮಣ್ಣು ಸುರುಳಿಯಾಗಿ ಒಳಗೇರಿ ತೊಟ್ಟಿ ತುಂಬಿದ ಮೇಲೆ, ಮುಂದಿನ ಬಾಗಿಲನ್ನು ಮುಚ್ಚಿ, ತೊಟ್ಟಿಯನ್ನು ಮೇಲೆತ್ತಿ, ತಗ್ಗಿನ ಕಡೆ ಸಾಗಿ, ಅಲ್ಲಿ ಹಿಂಬದಿಯ ಗೋಡೆಯಿಂದ ಮಣ್ಣನ್ನು ಮುಂದಕ್ಕೆ ನೂಕಿ ತೆಳುವಾಗಿ ಹಾಸುತ್ತಿದ್ದರು. ಇಲ್ಲಿ ‘ಅಗೆ’ ಅಥವಾ ‘ತೋಡು’ ಎಂಬುದಕ್ಕಿಂತ ‘ಹೆರೆ’ ಎಂಬುದೇ ಸರಿಯೆಂದು ನನಗೆ ಖಚಿತವಿದೆ, ಏಕೆಂದರೆ ಅಲಗು ಒಂದೊಂದು ಸಲಕ್ಕೂ ತೆಗೆಯುತ್ತಿದ್ದುದು ತೆಳುವಾದ ಒಂದು ಪದರವನ್ನು ಮಾತ್ರ.

ತೊಡಕಿರುವುದು ‘ಒತ್ತು’ ಎಂಬ ಕ್ರಿಯಾಪದದಲ್ಲಿ. ನಾನು ‘ಅಲಗನ್ನು ಇಳಿಬಿಟ್ಟೆ’ ಎಂದು ಬರೆದದ್ದನ್ನು, ಕರಡನ್ನು ಓದಿದ ಸ್ನೇಹಿತರು ‘ಅಲಗನ್ನು ನೆಲಕ್ಕೆ ಒತ್ತಿದೆ’ ಎಂದು ತಿದ್ದಿದ್ದಾರೆ. ಎಣ್ಣೆಯ ಒತ್ತಡದಿಂದ ಅಲಗನ್ನು ಕೆಳಕ್ಕೆ ತಳ್ಳಬಲ್ಲ ಇಂದಿನ ಹೈಡ್ರಾಲಿಕ್ ಯಂತ್ರದ ಮಟ್ಟಿಗೆ ಆ ಮಾತು ನಿಜ. ಆದರೆ ಹಗ್ಗ ಎಳೆಯಬಲ್ಲದೇ ಹೊರತು ತಳ್ಳಲಾರದು. ಆದ್ದರಿಂದ ಆ ಹಳೆಯ ಯಂತ್ರಗಳಲ್ಲಿ ಅಲಗು ತನ್ನ ಮತ್ತು ತೊಟ್ಟಿಯ ತೂಕದಿಂದಲೇ ನೆಲಕ್ಕೆ ಇಳಿಯಬೇಕಿತ್ತು, ಗಟ್ಟಿ ನೆಲ ಸಿಕ್ಕಾಗ ಅದನ್ನು ಮೊದಲೇ ಸೀಳಿ ಸಡಿಲಿಸಬೇಕಿತ್ತು. ಚಾಲಕನ ಜಾಣ್ಮೆಯೆಲ್ಲ ಹಗ್ಗವನ್ನು ಎಷ್ಟು ಬಿಡಬೇಕು, ಎಲ್ಲಿ ಹಿಡಿಯಬೇಕು ಎಂಬುದರಲ್ಲೇ ಇತ್ತು. ಹೀಗಾಗಿ ‘ಇಳಿಬಿಟ್ಟೆ’ ಎಂದೇ ಉಳಿಸಿಕೊಳ್ಳಬೇಕೆಂದು ನನ್ನ ವಾದ.

ಡೀಸೆಲ್ ಎಂಜಿನನ್ನು ಚಾಲೂ ಮಾಡಲೆಂದೇ ಇದ್ದ ಪುಟ್ಟ ಪೆಟ್ರೋಲ್ ಎಂಜಿನಿಗೆ, ‘ಮರಿಗಾಲುವೆ’ಯ ಜಾಡಿನಲ್ಲಿ, ‘ಮರಿ ಎಂಜಿನ್’ ಎಂದು ಬರೆದಿದ್ದೇನೆ. ‘ಜೆಸಿಬಿ’ಯನ್ನು ಮಾತ್ರ ಎಲ್ಲಿಯೂ ಬಳಸಿಲ್ಲ, ನಮ್ಮಲ್ಲಿ ಮಣ್ಣು ಮುಟ್ಟುವ ಯಂತ್ರಗಳೆಲ್ಲ ಒಂದೋ ಜೆಸಿಬಿ, ಇಲ್ಲವೇ ಹಿಟಾಚಿ ಆಗಿಬಿಟ್ಟಿರುವುದರಿಂದ, ಆ ಪದ ಬಂದರೆ ಓದುಗರ ಕಣ್ಣಿಗೆ ಬೇರೆಯೇ ಯಂತ್ರ ಬರುತ್ತದೆ.

ಇನ್ನು ‘ಏರಿ’. ಎಂ62ರ ಸ್ಕ್ಯಾಮಂಡನ್ ಎಂಬಲ್ಲಿ ರಸ್ತೆಗೆಂದು ಕಣಿವೆಗೆ ಅಡ್ಡಲಾಗಿ ಹಾಕಿದ ದಿಬ್ಬವೇ ಜಲಾಶಯದ ಒಡ್ಡೂ ಆಗಿದೆ. 1971ರ ಅಕ್ಟೋಬರಿನಲ್ಲಿ ರಾಣಿ ಎರಡನೇ ಎಲಿಜಬೆತ್ ಅದನ್ನು ಉದ್ಘಾಟಿಸಿದರು. ಇಂಗ್ಲಿಷಿನಲ್ಲಿ ರಸ್ತೆಯ ದಿಬ್ಬಕ್ಕೆ ಒಂದು ಪದ, ನೀರಿನ ಒಡ್ಡಿಗೆ ಇನ್ನೊಂದು. ಕೆರೆ ಏರಿಯ ಮೇಲೆಯೇ ಊರಿನ ರಸ್ತೆ ಹಾದುಹೋಗುವುದನ್ನು ಕಂಡಿರುವ ನಮಗೆ ‘ಏರಿ’ ಎಂಬ ಒಂದೇ ಪದ ಎರಡನ್ನೂ ಹೇಳುತ್ತದೆ. ‘ಒಡ್ಡು’, ‘ದಿಬ್ಬ’, ‘ಅಣೆಕಟ್ಟೆ’ ಎಂದು ಬೇರೆ ಬೇರೆ ಬರೆಯುವುದಕ್ಕಿಂತ ಇದು ಒಳ್ಳೆಯದಲ್ಲವೇ?

ಕೊನೆಯದಾಗಿ ಒಂದು ಕೋರಿಕೆ. ಎತ್ತುಗಳಿಗೆ ಹೂಡಿ, ಹೊಲದ ದಿಣ್ಣೆಯ ಮಣ್ಣನ್ನು ಹೆರೆದು ತಗ್ಗಿಗೆ ಎಳೆದು ಸುರಿಯುವ ಸಲಕರಣೆಗೆ ನಿಮ್ಮ ಸೀಮೆಯಲ್ಲಿ ಯಾವ ಹೆಸರಿದೆ? ಕುಂಟೆ ಇಲ್ಲಿ ಸಲ್ಲದು, ಅದು ನೆಲವನ್ನು ಹರಗುತ್ತದೆಯೇ ಹೊರತು ಮಣ್ಣನ್ನು ಸಾಗಿಸುವುದಿಲ್ಲ. ಹೆಸರಿನ ಜೊತೆಗೆ ಊರು ಅಥವಾ ತಾಲ್ಲೂಕನ್ನೂ, ಆ ಸಲಕರಣೆಗೆ ಹಿಂಬದಿಯ ಗೋಡೆ ಇರುತ್ತಿತ್ತೇ ಎಂಬುದನ್ನೂ ತಿಳಿಸಿದರೆ, ‘ಬಾಕ್ಸ್’ಗೆ ಅದೇ ಪದವನ್ನು ಬಳಸಬಹುದೇ ಎಂದು ನಿರ್ಧರಿಸಲು ಅನುಕೂಲವಾಗುತ್ತದೆ.